ಛಲ ಯಾರದ್ದು?

ಡೊಂಬಿವಲಿಯ ಕನ್ನಡದವರು ‘ನಮ್ಮ ಹುಡುಗನಿಗೆ ಛಲ ಜಾಸ್ತಿ’ ಎಂದು ಹೊಗಳಿಕೊಂಡರೆ ಪಕ್ಕದ ಮನೆಯ ಮರಾಠಿ ಕಾಕು ಗಾಬರಿಯಾದಾರು. ಮರಾಠಿಯ ‘ಛಳ’ ಎಂದರೆ ಕಿರುಕುಳ, ಹಿಂಸೆ. ಲೋಕಲ್‌ನಲ್ಲಿ ಎದುರು ಕೂತ ಹಿಂದಿಯವರಿಗೆ ‘ಛಲ್’ ಅಂದರೆ ಮೋಸ, ಸಂಸ್ಕೃತದಲ್ಲೂ ಅದೇ. ಇಂಥ ಕೆಟ್ಟ ಹೆಸರಿನ ಶಬ್ದವನ್ನು ಕನ್ನಡ ಸಾವಿರ ವರ್ಷದ ಹಿಂದೆಯೇ ಬಿರುದು ಮಾಡಿ ಮೆರೆಸಿತು. ರನ್ನನ ದುರ್ಯೋಧನ ಛಲದಂಕಮಲ್ಲ. ಗಮನಿಸಿ, ಬಿರುದು ಸಿಕ್ಕಿದ್ದು ಯುದ್ಧ ಸೋತವನಿಗೆ.

ಮರಾಠಿಯವರೇನೂ ಕಮ್ಮಿಯಿಲ್ಲ. ಅವರು ಮೆಚ್ಚಿ ಆಡುವ ‘ಜಿದ್ದ್’ ನಮ್ಮಲ್ಲಿ ದಾಯಾದಿಗಳ ಜಿದ್ದಾಗಿದೆ. ಮುಂಬೈ ಕ್ರಿಕೆಟ್ಟಿಗೆ ಇನ್ನೊಂದು ಮುದ್ದಿನ ಮಾತುಂಟು: ಖಡೂಸ್. ಬೀದಿಯಲ್ಲಿ ಅದು ಸಿಡುಕನಿಗೆ ಬೈಗುಳ, ಕ್ರೀಸಿನಲ್ಲಿ ವಿಕೆಟ್ ಬಿಟ್ಟುಕೊಡದವನಿಗೆ ಬಿರುದು. ಡೊಂಬಿವಲಿಯಲ್ಲಿ ಬೆಳೆದ ಅಜಿಂಕ್ಯ ರಹಾನೆಯವರ ಮುಖದಲ್ಲಿ ಸಿಡುಕು ಹುಡುಕಿದರೂ ಸಿಗದು. ಆದರೂ 2020ರ ಡಿಸೆಂಬರಿನಲ್ಲಿ ಅಡಿಲೇಡ್‌ನಲ್ಲಿ ಭಾರತ ತಂಡ 36ಕ್ಕೆ ಉರುಳಿದ ಮೇಲೆ ನಾಯಕತ್ವ ಹೊತ್ತು, ಮೆಲ್ಬರ್ನ್‌ನಲ್ಲಿ 112 ಹೊಡೆದು ಪಂದ್ಯ ಗೆದ್ದು ಕೊಟ್ಟರು.

ಈಗ ಕೋಚಿಂಗಿನವರ ಬಾಯಲ್ಲೆಲ್ಲ ‘ಮೈಂಡ್‌ಸೆಟ್’. ಒಮ್ಮೆ ಸೆಟ್ ಆದರೆ ಮತ್ತೆ ಅಲುಗಬಾರದೇನೋ ಅನ್ನಿಸುವ ಶಬ್ದ. ಮನಸ್ಸು ಹಾಗಿರುವುದಿಲ್ಲ.

ಕಲ್ಯಾಣ್‌ನ ಕಥೆ ನೋಡಿ. 2016ರ ಜನವರಿಯಲ್ಲಿ ರಿಕ್ಷಾ ಚಾಲಕರ ಮಗ ಪ್ರಣವ್ ಧನಾವಡೆ ಶಾಲಾ ಪಂದ್ಯದಲ್ಲಿ ಔಟಾಗದೆ 1009 ಹೊಡೆದ: 129 ಬೌಂಡರಿ, 59 ಸಿಕ್ಸರ್. 1899ರಿಂದ ಉಳಿದಿದ್ದ ಇಂಗ್ಲೆಂಡಿನ ಶಾಲಾ ಹುಡುಗ ಕಾಲಿನ್ಸ್‌ನ 628ರ ದಾಖಲೆ ಹೋಯಿತು. ಮುಂಬೈ ಕ್ರಿಕೆಟ್ ಸಂಸ್ಥೆ ತಿಂಗಳಿಗೆ 10,000 ರೂಪಾಯಿ ಕೊಡತೊಡಗಿತು. ಆಮೇಲೆ ರನ್ ಬರಲಿಲ್ಲ. ಹದಿನೈದರ ಹುಡುಗನ ಬೆನ್ನ ಮೇಲೆ ಆ ಸಾವಿರ ಕೂತಿತ್ತು. 2017ರಲ್ಲಿ, ಆಟ ಕುಸಿದಿದೆ, ಹಣ ನಿಲ್ಲಿಸಿ ಎಂದು ಮನೆಯವರೇ ಸಂಸ್ಥೆಗೆ ಕೇಳಿಕೊಂಡರು. ಬಡ ಮನೆಯೊಂದು ಬರುವ ದುಡ್ಡನ್ನು ಬೇಡ ಅನ್ನುವುದಿದೆಯಲ್ಲ, ನನಗೆ 1009ಕ್ಕಿಂತ ದೊಡ್ಡ ಛಲ ಅದು.

ನವಿ ಮುಂಬೈಯ ನೆರೂಲ್‌ಗೆ ಬರೋಣ. 2025ರ ಅಕ್ಟೋಬರ್ 30, ಡಿ.ವೈ. ಪಾಟೀಲ್ ಮೈದಾನ, ಮಹಿಳೆಯರ ವಿಶ್ವಕಪ್ ಸೆಮಿಫೈನಲ್. ಆಸ್ಟ್ರೇಲಿಯಾ ಇಟ್ಟ ಗುರಿ 339. ಅದೇ ಟೂರ್ನಿಯಲ್ಲಿ ಒಮ್ಮೆ ತಂಡದಿಂದ ಕೈಬಿಡಲಾಗಿದ್ದ ಜೆಮಿಮಾ ರಾಡ್ರಿಗಸ್ ಔಟಾಗದೆ 127 ಹೊಡೆದು ಗೆಲ್ಲಿಸಿದರು. ಪಂದ್ಯ ಮುಗಿದ ಮೇಲೆ, ಆತಂಕದಿಂದ ಹೆಚ್ಚುಕಡಿಮೆ ದಿನವೂ ಅತ್ತಿದ್ದೇನೆ ಎಂದು ಮುಚ್ಚಿಡದೆ ಹೇಳಿದರು. ಅಳುವವರಿಗೆ ಛಲವಿಲ್ಲ ಎಂದುಕೊಂಡಿದ್ದವರು ಅಂದು ಸುಮ್ಮನಾಗಬೇಕಾಯಿತು. ಮೂರು ದಿನ ಕಳೆದು ಅದೇ ಮೈದಾನದಲ್ಲಿ ಭಾರತ ಕಪ್ ಎತ್ತಿತು.

ಛಲ ಆಡುವವರಲ್ಲೇ ಹುಟ್ಟಬೇಕು. ಬೌಂಡರಿಯಾಚೆ ನಿಂತ ಅಪ್ಪ ತುಂಬಲು ಹೊರಟರೆ ಮರಾಠಿಯ ಅರ್ಥವೇ ನಿಜವಾಗುತ್ತದೆ. ಪರೀಕ್ಷೆಗೂ ಇದೇ ಮಾತು. ಸೋತ ಮಗು ಮನೆಗೆ ಬಂದಾಗ ಮೊದಲು ಊಟ ಬಡಿಸಿ, ಸ್ಕೋರು ಆಮೇಲೆ ಕೇಳಿ.