ರಿಯಾಝತ್: ದೇಹ ಪಳಗಿದರೆ ಮನಸ್ಸು ಹಗುರ

ಉರ್ದು ಶಾಲೆಯಲ್ಲಿ ಕಲಿಯುತ್ತಿದ್ದಾಗ 'ರಿಯಾಝ್' ಎಂದರೆ ಹಾಡುಗಾರನ ಅಭ್ಯಾಸ ಎಂದಷ್ಟೇ ನಾವು ತಿಳಿದಿದ್ದೆವು. ಅದರ ಮೂಲವಾದ 'ರಿಯಾಝತ್' ಎಂಬ ಪದವನ್ನು ಯುನಾನಿ ಹಕೀಮರು ವ್ಯಾಯಾಮಕ್ಕೂ ಸೂಫಿಗಳು ಮನಸ್ಸಿನ ಸಾಧನೆಗೂ ಬಳಸುತ್ತಾರೆ. ಅರಬಿ ಭಾಷೆಯಲ್ಲಿ ಆ ಧಾತುವಿಗೆ ಕುದುರೆಮರಿಯನ್ನು ಪಳಗಿಸುವುದು ಎಂಬ ಅರ್ಥವಿದೆ. ಗರಡಿಯಲ್ಲಿ ಪಳಗಿದವನು ಎಂದು ಕನ್ನಡಿಗರು ಹೇಳುವುದಿಲ್ಲವೇ, ಹಾಗೆ. ದೇಹಕ್ಕೂ ಮನಸ್ಸಿಗೂ ಒಂದೇ ಪದ ಸಾಕಾಗಿದ್ದ ಆ ಕಾಲದ ವೈದ್ಯರು ಎರಡನ್ನೂ ಒಟ್ಟಿಗೇ ನೋಡಿದ್ದರು.

ಇಂದಿನ ಅಫ್ಘಾನಿಸ್ತಾನದ ಬಲ್ಖ್ ಪ್ರಾಂತದ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖೀ 934ರಲ್ಲಿ ತೀರಿಕೊಂಡರು. 'ಮಸಾಲಿಹುಲ್ ಅಬ್ದಾನ್ ವಲ್ ಅನ್‌ಫುಸ್' ಎಂಬ ಅವರ ಗ್ರಂಥದಲ್ಲಿ ಎರಡು ಭಾಗಗಳಿವೆ. ಮೊದಲನೆಯದು ದೇಹದ ಆರೋಗ್ಯದ್ದು. ಆಹಾರ, ನಿದ್ದೆ, ಸ್ನಾನ, ವ್ಯಾಯಾಮಗಳೆಲ್ಲ ಅಲ್ಲಿ ಬರುತ್ತವೆ. ಎರಡನೆಯದು ಮನಸ್ಸಿನದ್ದು. ದೇಹ ಕೆಟ್ಟರೆ ಮನಸ್ಸು ಸಂತೋಷ ಕಳೆದುಕೊಳ್ಳುತ್ತದೆ, ಮನಸ್ಸು ಕೆಟ್ಟರೆ ದೇಹಕ್ಕೂ ಸುಖವಿಲ್ಲ ಎಂಬುದು ಅವರ ವಾದ. ದುಃಖವನ್ನು ಅವರು ಎರಡಾಗಿ ವಿಂಗಡಿಸಿದರು: ಕಾರಣ ತಿಳಿದಿರುವ ದುಃಖ, ಕಾರಣವೇ ತಿಳಿಯದ ದುಃಖ. ಎರಡನೆಯದರ ಬೇರು ದೇಹದಲ್ಲಿದೆ, ಅದಕ್ಕೆ ದೇಹದ ಕಡೆಯಿಂದಲೂ ಚಿಕಿತ್ಸೆ ಬೇಕು ಎಂದರು. ದುಃಖಿಯನ್ನು ಅವರು ತಪ್ಪಿತಸ್ಥನನ್ನಾಗಿ ಕಾಣದೆ ರೋಗಿಯಾಗಿ ಕಂಡರೆಂಬುದು ಗಮನಾರ್ಹ.

ಅವರ ನಂತರ ಬಂದ ಇಬ್ನ್ ಸೀನಾ (980–1037) ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಆರೋಗ್ಯ ಕಾಪಾಡುವ ಬಗೆಯನ್ನು ವ್ಯಾಯಾಮದಿಂದಲೇ ಆರಂಭಿಸಿದರು. ಉಸಿರು ಆಳವಾಗಿ, ವೇಗವಾಗಿ ಆಡುವಂತೆ ಮಾಡುವ ಸ್ವಇಚ್ಛೆಯ ಚಲನೆಯೇ ವ್ಯಾಯಾಮ ಎಂದು ಅವರು ಹೇಳುತ್ತಾರೆ. ಅವರ ಪಟ್ಟಿಯಲ್ಲಿ ಕುಸ್ತಿ, ಕುದುರೆ ಸವಾರಿ ಇರುವಂತೆಯೇ ಬಿರುಸಿನ ನಡಿಗೆಯೂ ಉಯ್ಯಾಲೆಯೂ ಇವೆ.

ಸಾವಿರ ವರ್ಷಗಳ ಬಳಿಕ ಪ್ರಯೋಗಗಳು ಇದೇ ದಾರಿ ಹಿಡಿದವು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಲೂಮೆಂಥಾಲ್ ಮತ್ತು ಸಂಗಡಿಗರು 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 50 ದಾಟಿದ, ಖಿನ್ನತೆಯಿಂದ ಬಳಲುತ್ತಿದ್ದ 156 ಮಂದಿಯಲ್ಲಿ ಕೆಲವರಿಗೆ ಮಾತ್ರೆ, ಕೆಲವರಿಗೆ ವಾರಕ್ಕೆ ಮೂರು ದಿನ ವ್ಯಾಯಾಮ, ಉಳಿದವರಿಗೆ ಎರಡೂ. ಮಾತ್ರೆ ಬೇಗ ಫಲ ಕೊಟ್ಟಿತು. ಆದರೆ 16 ವಾರಗಳ ಕೊನೆಗೆ ಮೂರು ಗುಂಪುಗಳೂ ಹೆಚ್ಚುಕಡಿಮೆ ಸಮನಾಗಿ ಚೇತರಿಸಿಕೊಂಡಿದ್ದವು. ವ್ಯಾಯಾಮವೊಂದರಿಂದಲೇ ಗುಣವಾದವರಲ್ಲಿ ಕಾಯಿಲೆ ಮರುಕಳಿಸಿದ್ದು ಕಡಿಮೆ ಎಂದು ಮುಂದಿನ ತಿಂಗಳುಗಳಲ್ಲಿ ಕಂಡುಬಂತು.

ಇಷ್ಟಾದರೂ ನಮ್ಮ ಮನೆಗಳಲ್ಲಿ ಮಂಕಾಗಿ ಕುಳಿತ ಹೆಣ್ಣುಮಗಳಿಗೆ ನಾವು ಹೇಳುವುದೇನು? 'ಸಬರ್ ಮಾಡು.' ಇನ್ನೂ ಮುಂದೆ ಹೋಗಿ ಅವಳ ಈಮಾನನ್ನೇ ಶಂಕಿಸುತ್ತೇವೆ. ಗರಡಿಮನೆ ಗಂಡಸರದಾಯಿತು, ಬೆಳಗಿನ ವಾಕಿಂಗ್ ಕೂಡ ಬಹುಮಟ್ಟಿಗೆ ಅವರದೇ. ಅಡುಗೆಮನೆಯಲ್ಲಿ ದಿನವಿಡೀ ದುಡಿಯುತ್ತಾಳಲ್ಲ, ವ್ಯಾಯಾಮವೇಕೆ ಎನ್ನುವವರಿದ್ದಾರೆ. ಬೇರೆಯವರಿಗಾಗಿ ಸವೆಯುವುದು ಬೇರೆ, ತನಗಾಗಿ ಬಯಲಲ್ಲಿ ನಡೆಯುವುದು ಬೇರೆ. ಇಬ್ನ್ ಸೀನಾ ಹೇಳಿದ ಸ್ವಇಚ್ಛೆ ಎಂಬ ಮಾತು ಇಲ್ಲಿ ನೆನಪಾಗಬೇಕು.

ವ್ಯಾಯಾಮ ಎಲ್ಲಕ್ಕೂ ಮದ್ದು ಎಂದು ನಾವು ಹೇಳುತ್ತಿಲ್ಲ. ಖಿನ್ನತೆ ತೀವ್ರವಾದಾಗ ಹಾಸಿಗೆ ಬಿಟ್ಟೇಳುವುದೂ ಕಷ್ಟ. ಆಗ ವೈದ್ಯರ ಬಳಿಗೆ ಕರೆದೊಯ್ಯಬೇಕು, ಕೊಟ್ಟ ಮಾತ್ರೆಯನ್ನು ನಾವಾಗಿ ನಿಲ್ಲಿಸಬಾರದು. ಉಳಿದ ದಿನಗಳಲ್ಲಿ ಉಪದೇಶ ಬಿಟ್ಟು, 'ಬಾ, ಅರ್ಧ ಗಂಟೆ ನಡೆದು ಬರೋಣ' ಎಂದು ಕರೆದು ಜೊತೆಯಲ್ಲಿ ಹೊರಟರೆ ಸಾಕು.