ಬ್ಯಾಟರಿ ನುಂಗುವ ಬ್ರೌಸರ್ ಯಾವುದು?

ಬ್ರೌಸರ್ ಬದಲಿಸಿದರೆ ಲ್ಯಾಪ್‌ಟಾಪಿನ ಬ್ಯಾಟರಿ ಹೆಚ್ಚು ಹೊತ್ತು ಬಂದೀತೇ? ಈ ಪ್ರಶ್ನೆ ಜನರ ಬಾಯಿಗೆ ಬಿದ್ದದ್ದು 2014ರಲ್ಲಿ. ವಿಂಡೋಸ್‌ನ ಟೈಮರ್ ಸಾಮಾನ್ಯವಾಗಿ ಸೆಕೆಂಡಿಗೆ 64 ಸಲ ಪ್ರೊಸೆಸರನ್ನು ಎಬ್ಬಿಸಿ, ಕೆಲಸವೇನಾದರೂ ಇದೆಯೇ ಎಂದು ನೋಡುತ್ತಿತ್ತು. ಕ್ರೋಮ್ ತೆರೆದರೆ ಅದು ಸೆಕೆಂಡಿಗೆ 1000 ಸಲವಾಗುತ್ತಿತ್ತು. ಪ್ರೊಸೆಸರ್ ಗಾಢ ನಿದ್ದೆಗೆ ಇಳಿದಾಗಲೇ ವಿದ್ಯುತ್ ಉಳಿಯುವುದು. ಇಲ್ಲಿ ಅದಕ್ಕೆ ರೆಪ್ಪೆ ಮುಚ್ಚಲೂ ಬಿಡುವಿರಲಿಲ್ಲ. ದೂರು ಹಲವು ವರ್ಷ ಹಳೆಯದು. ಪತ್ರಿಕೆಗಳಲ್ಲಿ ಸುದ್ದಿಯಾದ ಮೇಲಷ್ಟೇ ಗೂಗಲ್ ಅದನ್ನು ಸರಿಪಡಿಸಿತು.

ಆಪಲ್ ಇದಕ್ಕೆ ಒಂದು ವರ್ಷ ಮೊದಲೇ ಎಚ್ಚೆತ್ತಿತ್ತು. ಮ್ಯಾಕ್‌ನ 2013ರ ಆವೃತ್ತಿ ಮ್ಯಾವರಿಕ್ಸ್‌ನಲ್ಲಿ ಕಣ್ಣಿಗೆ ಕಾಣದ ಆ್ಯಪ್‌ಗಳ ವೇಗ ತಗ್ಗಿಸುವ ವ್ಯವಸ್ಥೆ ಬಂತು. ಸಫಾರಿ ಫ್ಲ್ಯಾಶ್ ಜಾಹೀರಾತುಗಳನ್ನು ತಾನಾಗಿಯೇ ತಡೆಯತೊಡಗಿತು.

2016ರಲ್ಲಿ ಇದೇ ವಿಷಯ ಕಂಪನಿಗಳ ಬಹಿರಂಗ ಜಟಾಪಟಿಯಾಯಿತು. ಮೈಕ್ರೋಸಾಫ್ಟ್ ಒಂದೇ ಬಗೆಯ ನಾಲ್ಕು ಸರ್ಫೇಸ್ ಬುಕ್‌ಗಳಲ್ಲಿ ಬ್ಯಾಟರಿ ಮುಗಿಯುವ ತನಕ ವಿಡಿಯೊ ಓಡಿಸಿತು. ಅದರದೇ ಬ್ರೌಸರ್ ಎಡ್ಜ್ 7 ಗಂಟೆ 22 ನಿಮಿಷ ಬಂತು, ಕ್ರೋಮ್ 4 ಗಂಟೆ 19 ನಿಮಿಷಕ್ಕೇ ಸುಸ್ತಾಯಿತು. ಒಪೆರಾ, ಫೈರ್‌ಫಾಕ್ಸ್ ನಡುವೆ ನಿಂತವು. ಒಪೆರಾ ತನ್ನದೇ ಪರೀಕ್ಷೆ ನಡೆಸಿ ತಾನೇ ಮುಂದೆ ಎಂದಿತು. ಸ್ಪರ್ಧಿಯೇ ತೀರ್ಪುಗಾರನಾದ ಇಂಥ ಅಂಕಿಗಳನ್ನು ನಾನು ಪೂರ್ತಿ ನಂಬಲಾರೆ. ವಿಡಿಯೊ ನೋಡುವುದು ಬೇರೆ, ಹತ್ತಾರು ಟ್ಯಾಬ್ ತೆರೆದು ಕೆಲಸ ಮಾಡುವುದು ಬೇರೆ. ಆದರೂ ಆ ಜಗಳದಿಂದ ಬಳಕೆದಾರರಿಗೆ ಲಾಭವೇ ಆಯಿತು. 2017ರ ಕ್ರೋಮ್ 57 ಹಿನ್ನೆಲೆ ಟ್ಯಾಬ್‌ಗಳಿಗೆ ಕಡಿವಾಣ ಹಾಕಿತು. 2020ರ ಕೊನೆಯಲ್ಲಿ ಬಂದ ಕ್ರೋಮ್ 87, ಬಹಳ ಹೊತ್ತು ಮುಟ್ಟದ ಟ್ಯಾಬ್ ನಿಮಿಷಕ್ಕೊಮ್ಮೆಗಿಂತ ಹೆಚ್ಚು ಎಚ್ಚರಗೊಳ್ಳದಂತೆ ಮಾಡಿತು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಫೈರ್‌ಫಾಕ್ಸ್‌ನ ಕೆಲಸ. ಮ್ಯಾಕ್‌ನಲ್ಲಿ ಪರದೆಯ ಮೂಲೆಯಲ್ಲೊಂದು ಪುಟ್ಟ ಚಿತ್ರ ಅಲುಗಿದರೂ ಫೈರ್‌ಫಾಕ್ಸ್ ಇಡೀ ಕಿಟಕಿಯನ್ನು ಮತ್ತೆ ಜೋಡಿಸುತ್ತಿತ್ತು. 2019ರ ಫೈರ್‌ಫಾಕ್ಸ್ 70ರಲ್ಲಿ ಈ ಹೊಣೆಯನ್ನು ಮ್ಯಾಕ್‌ನ ಕೋರ್ ಆ್ಯನಿಮೇಷನ್ ವ್ಯವಸ್ಥೆಗೆ ವಹಿಸಿ, ಬದಲಾದ ಭಾಗವನ್ನಷ್ಟೇ ಮುಟ್ಟುವಂತೆ ಮಾಡಲಾಯಿತು. ಕೆಲವು ಸಂದರ್ಭಗಳಲ್ಲಿ ವಿದ್ಯುತ್ ಬಳಕೆ ಮೂರನೆಯ ಒಂದರಷ್ಟಕ್ಕೆ ಇಳಿಯಿತು. ಆಪರೇಟಿಂಗ್ ಸಿಸ್ಟಮ್ ಜತೆ ಬ್ರೌಸರ್ ಎಷ್ಟು ಹೊಂದಿಕೊಂಡಿದೆ ಎಂಬುದರ ಮೇಲೇ ಬ್ಯಾಟರಿ ನಿಂತಿದೆ ಎನ್ನಲು ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಮ್ಯಾಕ್‌ನಲ್ಲಿ ಸಫಾರಿಗಿರುವ ಅನುಕೂಲವೂ ಇದೇ.

2020ರ ಜನವರಿಯಲ್ಲಿ ಎಡ್ಜ್ ಕೂಡ, ಕ್ರೋಮ್ ಮತ್ತು ಒಪೆರಾಗಳಿಗೆ ಆಧಾರವಾದ ಕ್ರೋಮಿಯಂ ಮೇಲೆ ಮರುಹುಟ್ಟು ಪಡೆಯಿತು. ಎಂಜಿನ್ ಒಂದೇ ಆದಮೇಲೆ ಕ್ರೋಮ್, ಎಡ್ಜ್, ಒಪೆರಾಗಳ ನಡುವಿನ ಅಂತರ ಉಳಿದಿರುವುದು ಹೆಚ್ಚಾಗಿ ಟ್ಯಾಬ್‌ಗಳನ್ನು ಮಲಗಿಸುವ ರೀತಿಯಲ್ಲಿ, ಜಾಹೀರಾತು ತಡೆಯುವುದರಲ್ಲಿ. ವಿಡಿಯೊ ವಿಷಯದಲ್ಲಿ ಮಾತ್ರ ಈಗಲೂ ದೊಡ್ಡ ವ್ಯತ್ಯಾಸ ಸಾಧ್ಯ: ಅದನ್ನು ಗ್ರಾಫಿಕ್ಸ್ ಚಿಪ್ ಬಿಡಿಸಿದರೆ ಖರ್ಚು ಕಡಿಮೆ, ಪ್ರೊಸೆಸರ್ ಒಂದೇ ಹೆಣಗಿದರೆ ಫ್ಯಾನ್ ಸದ್ದೇ ಹೇಳುತ್ತದೆ.

ಹಾಗಾಗಿ ಬ್ರೌಸರ್ ಬದಲಿಸುವ ಮೊದಲು ಇಂಥ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುವ ಹಾರ್ಡ್‌ವೇರ್ ಆಕ್ಸಲರೇಷನ್ ಸೆಟ್ಟಿಂಗ್ಸ್‌ನಲ್ಲಿ ಚಾಲೂ ಇದೆಯೇ ನೋಡಿ. ವಿಂಡೋಸ್‌ನ ಕ್ರೋಮ್‌ನಲ್ಲಿ ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ. ಪ್ರೊಸೆಸರನ್ನು ದುಡಿಸುತ್ತಿರುವ ಟ್ಯಾಬ್ ಯಾವುದೆಂದು ಗೊತ್ತಾಗುತ್ತದೆ. ಮೊದಲು ಅದನ್ನು ಮುಚ್ಚಿ.