ಭಯ ಮತ್ತು ಬೆರಗಿನ ಓದು: ಬೆಂಗಳೂರು ದಂಡಿನ ಒಂದು ಚರಿತ್ರೆ

ಒಂದು ಕಾಲದ ಓದುಗರು ಯಾವ ಕೃತಿಗಳನ್ನು ಗೌರವಿಸಿದರು ಎಂಬುದನ್ನು ಸಾಹಿತ್ಯಚರಿತ್ರೆಗಳು ವಿವರವಾಗಿ ದಾಖಲಿಸುತ್ತವೆ. ಅದೇ ಓದುಗರು ಊಟ, ನಿದ್ದೆ ಮರೆತು ಯಾವ ಪುಸ್ತಕಗಳನ್ನು ಓದಿ ಮುಗಿಸಿದರು ಎಂಬುದನ್ನು ಮಾತ್ರ ಅವು ಬಹುಮಟ್ಟಿಗೆ ಕೈಬಿಡುತ್ತವೆ. ಹೀಗೆ ಕೈಬಿಟ್ಟುಹೋದ ಬರವಣಿಗೆಯಲ್ಲಿ ಎರಡು ಬಗೆಗಳು ಮುಖ್ಯವಾದವು. ಮೊದಲನೆಯದು ಗಾಥಿಕ್ ಕಥನ, ಎಂದರೆ ಹಳೆಯ ಕೋಟೆ, ಮಠ ಅಥವಾ ಪಾಳುಮನೆಯನ್ನು ಆವರಣವಾಗಿಸಿಕೊಂಡು, ಹಿಂದಿನ ತಲೆಮಾರಿನ ಪಾಪವೊಂದು ಇಂದಿನವರನ್ನು ಬೆನ್ನಟ್ಟುವ ಬಗೆಯನ್ನು ಭಯದ ಮೂಲಕ ಹೇಳುವ ಕತೆ. ಇಂಗ್ಲಿಷಿನಲ್ಲಿ ಇದರ ಆರಂಭವನ್ನು 1764ರಲ್ಲಿ ಹೊರಬಂದ ಹೊರೇಸ್ ವಾಲ್ಪೋಲನ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ದಿಂದ ಗುರುತಿಸುವುದು ವಾಡಿಕೆ. ಎರಡನೆಯದು ಅದ್ಭುತ ಕಥನ, ಎಂದರೆ ಇಂದು ಫ್ಯಾಂಟಸಿ ಎಂದು ಕರೆಯಲಾಗುವ, ತನ್ನದೇ ನಿಯಮಗಳುಳ್ಳ ಲೋಕವೊಂದನ್ನು ಕಟ್ಟಿ ಓದುಗರನ್ನು ಅಲ್ಲಿ ನೆಲೆಸುವಂತೆ ಮಾಡುವ ಕತೆ. ಬೆಂಗಳೂರಿನ ಜನ ದಂಡು ಎಂದು ಕರೆಯುವ ಕಂಟೋನ್ಮೆಂಟಿನಲ್ಲಿ ಮತ್ತು ಅದರಾಚೆಯ ಪೂರ್ವಭಾಗದಲ್ಲಿ ಈ ಎರಡೂ ಬಗೆಯ ಕತೆಗಳಿಗೆ ದೀರ್ಘವಾದ ಚರಿತ್ರೆಯಿದೆ. ಆ ಚರಿತ್ರೆಯನ್ನು ಇಂಗ್ಲಿಷರು ತಂದುಕೊಟ್ಟ ಅಭಿರುಚಿಯ ಕತೆಯಾಗಿ ಮಾತ್ರ ನೋಡುವುದು ಸರಿಯಲ್ಲ. ತಮಿಳು, ಉರ್ದು, ಕನ್ನಡ ಓದುಗರು ತಮ್ಮ ತಮ್ಮ ಅದ್ಭುತ ಪರಂಪರೆಗಳೊಡನೆ ಒಂದೇ ಬೀದಿಗಳಲ್ಲಿ ಬಾಳಿದ ಊರು ಇದು.

ದಂಡು ಹುಟ್ಟಿದ್ದು 1809ರಲ್ಲಿ, ಶ್ರೀರಂಗಪಟ್ಟಣದ ಮಲೇರಿಯಾದಿಂದ ತತ್ತರಿಸಿದ ಬ್ರಿಟಿಷ್ ಸೇನೆ ಹಲಸೂರಿನ ಸುತ್ತಲಿನ ಎತ್ತರದ ಬಯಲಿಗೆ ಬಂದು ಬೀಡುಬಿಟ್ಟಾಗ. ಅದಾದ ಎರಡೇ ದಶಕಗಳೊಳಗೆ ಯುರೋಪಿನ ರಮ್ಯಕಥನ ಬೆಂಗಳೂರನ್ನು ತನ್ನ ಭೂಪಟಕ್ಕೆ ಸೇರಿಸಿಕೊಂಡಿತು. ವಾಲ್ಟರ್ ಸ್ಕಾಟ್ 1827ರಲ್ಲಿ ಪ್ರಕಟಿಸಿದ ‘ದಿ ಸರ್ಜನ್ಸ್ ಡಾಟರ್’ ಎಂಬ ನೀಳ್ಗತೆಯ ಅಂತಿಮ ದೃಶ್ಯ ನಡೆಯುವುದು ಬೆಂಗಳೂರಿನ ಉದ್ಯಾನವೊಂದರಲ್ಲಿ: ಸ್ಕಾಟ್ಲೆಂಡಿನ ವೈದ್ಯನ ಮಗಳನ್ನು ಮೋಸದಿಂದ ಕರೆಸಿ ಟಿಪ್ಪುವಿಗೆ ಒಪ್ಪಿಸಲು ಹೂಡಿದ ಸಂಚು, ಫಕೀರನ ವೇಷದಲ್ಲಿ ಅಲ್ಲಿಗೆ ಬಂದಿದ್ದ ಹೈದರ್ ಅಲಿ ತನ್ನ ನಿಜರೂಪ ತೋರಿಸುವುದರಿಂದ ಮುರಿದುಬೀಳುತ್ತದೆ, ಸಂಚು ಹೂಡಿದವನು ಆನೆಯ ಕಾಲಡಿ ಸಾಯುತ್ತಾನೆ. ಸ್ಕಾಟ್ ಭಾರತವನ್ನು ಎಂದೂ ಕಂಡವನಲ್ಲ. ಅವನ ಬೆಂಗಳೂರು ಗಾಥಿಕ್ ಕಾದಂಬರಿಗಳ ಇಟಲಿಯಂತೆಯೇ ದೂರದಿಂದ ಕಲ್ಪಿಸಿಕೊಂಡ ಭಯದ ನಾಡು. ವಿಲ್ಕಿ ಕಾಲಿನ್ಸ್ 1868ರ ‘ದಿ ಮೂನ್‌ಸ್ಟೋನ್’ ಕಾದಂಬರಿಯನ್ನು 1799ರ ಶ್ರೀರಂಗಪಟ್ಟಣದ ಪತನದಿಂದ ಆರಂಭಿಸಿ, ಅಲ್ಲಿ ಲೂಟಿಯಾದ ವಜ್ರದ ಶಾಪವನ್ನು ಇಂಗ್ಲಿಷ್ ಮನೆತನವೊಂದರ ಒಳಗೆ ತಂದಿಟ್ಟನು. ಜೂಲ್ಸ್ ವರ್ನ್ ತನ್ನ ಜಲಾಂತರ್ಗಾಮಿಯ ಒಡೆಯ ಕ್ಯಾಪ್ಟನ್ ನೀಮೊನನ್ನು ಟಿಪ್ಪುವಿನ ಸಂಬಂಧಿಯೆಂದು ಹೇಳಿದನು. ಗೆದ್ದ ನಾಡಿನ ಬಗೆಗಿನ ಅಪರಾಧಪ್ರಜ್ಞೆ ಮತ್ತು ಅಂಜಿಕೆಗಳೆರಡೂ ಈ ಕಥನಗಳಲ್ಲಿ ಬೆರೆತಿವೆ.

ಪುಸ್ತಕಗಳ ಜೊತೆಗೆ ಕಟ್ಟಡಗಳೂ ಬಂದವು. ಶಿವಾಜಿನಗರದ ಸಂತ ಮೇರಿಯ ಚರ್ಚನ್ನು 1875ರಿಂದ 1882ರ ನಡುವೆ ಗಾಥಿಕ್ ಶೈಲಿಯಲ್ಲಿ ಕಟ್ಟಲಾಯಿತು. ಮೇಲಕ್ಕೆ ಚೂಪಾಗುವ ಕಮಾನುಗಳು, ಬಣ್ಣದ ಗಾಜು, ಬೀದಿಯ ಮೇಲೆ ನಿಂತ ಎತ್ತರದ ಗೋಪುರ, ಇವೆಲ್ಲ ಮಧ್ಯಯುಗದ ಯುರೋಪನ್ನು ಪುಸ್ತಕದಲ್ಲಿ ಓದುವ ಮೊದಲೇ ಸ್ಥಳೀಯರ ಕಣ್ಣಿಗೆ ಪರಿಚಯಿಸಿದವು. ಬಂಗಲೆಗಳ ಕಿಟಕಿ ಮತ್ತು ಪಡಸಾಲೆಗಳ ಮೇಲೆ ಮರದ ಪಟ್ಟಿಗಳನ್ನು ಚೂಪಾಗಿ ಇಳಿಬಿಟ್ಟು ಮಾಡಿದ, ಮಂಕಿ ಟಾಪ್ ಎಂದು ಹೆಸರಾದ ಸೂರುಗಳು ದಂಡಿನ ಮನೆಗಳಿಗೆ ಕತೆಯೊಳಗಿನ ಮನೆಗಳ ಚಹರೆಯನ್ನು ಕೊಟ್ಟವು. ಬುರುಜು ಮತ್ತು ತೆನೆಗೋಡೆಗಳಿರುವ ಬೆಂಗಳೂರು ಅರಮನೆಯ ಹಿನ್ನೆಲೆ ಇನ್ನೂ ಸ್ವಾರಸ್ಯಕರವಾದುದು. ಅದು ಮೊದಲು ಸೆಂಟ್ರಲ್ ಹೈಸ್ಕೂಲಿನ ಮುಖ್ಯಸ್ಥರಾಗಿದ್ದ ರೆವರೆಂಡ್ ಗ್ಯಾರೆಟ್ ಅವರಿಗೆ ಸೇರಿತ್ತು, 1873ರಲ್ಲಿ ಬಾಲಕ ಚಾಮರಾಜೇಂದ್ರ ಒಡೆಯರಿಗಾಗಿ ಅದನ್ನು ಕೊಳ್ಳಲಾಯಿತು. ಅದೇ ಗ್ಯಾರೆಟ್ ಭಾರತದ ಪುರಾಣ, ದರ್ಶನ ಮತ್ತು ಸಾಹಿತ್ಯಗಳ ಹೆಸರುಗಳನ್ನು ವಿವರಿಸುವ ಒಂದು ಕೋಶವನ್ನು ಸಂಕಲಿಸಿದ್ದರು. 1871ರಲ್ಲಿ ಅದನ್ನು ಅಚ್ಚುಹಾಕಿದ್ದು ಮದರಾಸಿನ ಹಿಗಿನ್‌ಬಾಥಮ್ಸ್. ಮಧ್ಯಯುಗದ ಕೋಟೆಯ ಕನಸು ಮತ್ತು ಯಕ್ಷ, ರಾಕ್ಷಸ, ಗಂಧರ್ವರ ಕುತೂಹಲ ಒಬ್ಬನೇ ವ್ಯಕ್ತಿಯಲ್ಲಿ ಕೂಡಿದ್ದು ಆ ಕಾಲದ ದಂಡಿನ ಮನಸ್ಸನ್ನು ಚೆನ್ನಾಗಿ ತೋರಿಸುತ್ತದೆ.

ಓದುವ ಸ್ಥಳಗಳೂ ಇದೇ ಅವಧಿಯಲ್ಲಿ ರೂಪುಗೊಂಡವು. ಮುಂದೆ ಕರ್ನಾಟಕದ ಶಾಸನಗಳ ಮಹಾಸಂಗ್ರಾಹಕರಾಗಿ ಹೆಸರಾದ ಬಿ. ಎಲ್. ರೈಸ್ ಅವರು 1868ರಲ್ಲಿ ಬೌರಿಂಗ್ ಇನ್‌ಸ್ಟಿಟ್ಯೂಟನ್ನು ಸಾಹಿತ್ಯ ಮತ್ತು ವಿಜ್ಞಾನದ ಕೇಂದ್ರವಾಗಿ ಆರಂಭಿಸಿದರು. ಕ್ಲಬ್ಬುಗಳು ಮತ್ತು ಸೇನೆಯ ಭೋಜನಗೃಹಗಳು ಲಂಡನ್ನಿನ ಮಾಸಪತ್ರಿಕೆಗಳನ್ನು ತರಿಸುತ್ತಿದ್ದವು. ನಾಲ್ಕನೇ ಹುಸಾರ್ಸ್ ಅಶ್ವದಳದ ಕಿರಿಯ ಅಧಿಕಾರಿಯಾಗಿ 1896ರಲ್ಲಿ ಇಲ್ಲಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ಗಿಬ್ಬನ್ ಮತ್ತು ಮೆಕಾಲೆಯರನ್ನು ಓದಿದ್ದು ಪ್ರಸಿದ್ಧ ಸಂಗತಿ. ಆದರೆ ಅವನ ಏಕೈಕ ಕಾದಂಬರಿ ‘ಸವ್ರೋಲಾ’ ಮೊಳೆತದ್ದೂ 1897ರಲ್ಲಿ ಇದೇ ಬೆಂಗಳೂರಿನಲ್ಲಿ ಎಂಬುದು ಅಷ್ಟಾಗಿ ಪರಿಚಿತವಲ್ಲ. ಲಾರೇನಿಯಾ ಎಂಬ ಕಲ್ಪಿತ ದೇಶದ ಸರ್ವಾಧಿಕಾರಿಯ ವಿರುದ್ಧ ನಡೆಯುವ ದಂಗೆ ಅದರ ವಸ್ತು. ಯಾವ ಭೂಪಟದಲ್ಲೂ ಇಲ್ಲದ ನಾಡೊಂದನ್ನು ಅದರ ರಾಜಧಾನಿ, ಸೇನೆ, ರಾಜಕೀಯಗಳ ಸಮೇತ ಕಟ್ಟುವ ಈ ಬಗೆಗೆ ಆಂಟನಿ ಹೋಪ್ 1894ರಲ್ಲಿ ಬರೆದ ‘ದಿ ಪ್ರಿಸನರ್ ಆಫ್ ಜೆಂಡಾ’ ಮಾದರಿ ಹಾಕಿಕೊಟ್ಟಿತ್ತು. ಇಪ್ಪತ್ತನೆಯ ಶತಮಾನದ ಫ್ಯಾಂಟಸಿಯ ನೆರೆಯಲ್ಲೇ ಈ ಬಗೆಯನ್ನು ಇಟ್ಟು ನೋಡಬೇಕು. ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಲಂಡನ್ನಿನಲ್ಲಿ ಪ್ರಕಟವಾದದ್ದೂ ಅದೇ 1897ರಲ್ಲಿ. ಮುಂದೆ 1905ರಲ್ಲಿ ಸೌತ್ ಪರೇಡ್‌ನಲ್ಲಿ, ಎಂದರೆ ಇಂದಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ, ಹಿಗಿನ್‌ಬಾಥಮ್ಸ್ ತನ್ನ ಮಳಿಗೆ ತೆರೆದ ಮೇಲೆ ಇಂಥ ಪುಸ್ತಕಗಳು ಹಣ ಕೊಟ್ಟು ಕೊಳ್ಳಬಲ್ಲ ಎಲ್ಲರಿಗೂ ದೊರೆಯುವಂತಾದವು.

ಆದರೆ ದಂಡಿನ ಬಹುಸಂಖ್ಯಾತರು ಕ್ಲಬ್ಬಿನ ಸದಸ್ಯರಾಗಿರಲಿಲ್ಲ. ಸೇನೆಯ ಜೊತೆ ಬಂದ ವ್ಯಾಪಾರಿಗಳು, ಗುತ್ತಿಗೆದಾರರು ಮತ್ತು ಕುಶಲಕರ್ಮಿಗಳಿಂದ ಹಲಸೂರು ತಮಿಳು ಮಾತಿನ ಊರಾಗಿ ಬೆಳೆಯಿತು. ತಮಿಳಿನಲ್ಲಿ ಆರಣಿ ಕುಪ್ಪುಸ್ವಾಮಿ ಮುದಲಿಯಾರರು ಜಿ. ಡಬ್ಲ್ಯು. ಎಂ. ರೆನಾಲ್ಡ್ಸ್‌ನ ಕಾದಂಬರಿಗಳನ್ನು ದೇಶೀ ಹೆಸರು, ದೇಶೀ ಆವರಣ ಕೊಟ್ಟು ರೂಪಾಂತರಿಸಿದರು. ಲಂಡನ್ನಿನ ನೆಲಮಾಳಿಗೆ, ಗುಪ್ತದ್ವಾರ ಮತ್ತು ಶ್ರೀಮಂತರ ದುಷ್ಕೃತ್ಯಗಳನ್ನು ಬಿಡಿ ಕಂತುಗಳಲ್ಲಿ ಮಾರಿದ ರೆನಾಲ್ಡ್ಸ್‌ನನ್ನು ಸ್ವದೇಶದ ವಿಮರ್ಶಕರು ಕಡೆಗಣಿಸಿದರೂ ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ಅವನಷ್ಟು ಜನಪ್ರಿಯನಾದ ಇಂಗ್ಲಿಷ್ ಕಾದಂಬರಿಕಾರ ವಿರಳ. ಇತ್ತ ಶಿವಾಜಿನಗರದ ಉರ್ದು ಓದುಗರ ಭಾಷೆಗೆ ದಾಸ್ತಾನ್‌ಗಳ ಸಂಪತ್ತು ಇತ್ತು. ದಾಸ್ತಾನ್ ಎಂದರೆ ವೀರ, ಪ್ರಣಯ ಮತ್ತು ಮಾಯೆಗಳ ಅತಿದೀರ್ಘ ಮೌಖಿಕ ಕಥನ. ತಿಲಿಸ್ಮ್ ಎಂದರೆ ಅದರೊಳಗೆ ಮಾಂತ್ರಿಕನು ಕಟ್ಟಿದ, ತನ್ನದೇ ಕಟ್ಟಳೆಗಳುಳ್ಳ ಮಾಯಾಲೋಕ. ಲಖನೌದ ನವಲ್ ಕಿಶೋರ್ ಮುದ್ರಣಾಲಯ 1883ರಿಂದ ಹಲವು ಸಂಪುಟಗಳಲ್ಲಿ ಹೊರತಂದ ‘ತಿಲಿಸ್ಮೆ ಹೋಶ್‌ರುಬಾ’ ವಿಸ್ತಾರದಲ್ಲಾಗಲಿ ಕಲ್ಪನೆಯಲ್ಲಾಗಲಿ ಯುರೋಪಿನ ಯಾವ ಅದ್ಭುತ ಕಥನಕ್ಕೂ ಕಡಿಮೆಯಾದುದಲ್ಲ. ಇಬ್ನೆ ಸಫಿ 1952ರಲ್ಲಿ ಅಲಹಾಬಾದಿನಿಂದ ಆರಂಭಿಸಿದ ‘ಜಾಸೂಸಿ ದುನಿಯಾ’ ಆ ಬೆರಗನ್ನೇ ಪತ್ತೇದಾರಿಕೆಯ ಚೌಕಟ್ಟಿಗೆ ಹೊಂದಿಸಿತು.

ಕನ್ನಡವೂ ಬರಿಗೈಯಲ್ಲಿ ನಿಂತಿರಲಿಲ್ಲ. ಜನ್ನನು 1209ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ ತೆರೆದುಕೊಳ್ಳುವುದು ಚಂಡಮಾರಿಯ ಗುಡಿಯಲ್ಲಿ, ನರಬಲಿಗೆಂದು ಹಿಡಿದು ತಂದ ಇಬ್ಬರು ಎಳೆಯರ ಎದುರಿನಲ್ಲಿ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯೊಂದೇ ಜನ್ಮದಿಂದ ಜನ್ಮಕ್ಕೆ ಬೆನ್ನುಹತ್ತುವ ಪರಿ, ರಾಣಿ ಅಮೃತಮತಿಯ ಕತ್ತಲ ಮೋಹ, ಗುಡಿಯ ಘೋರ ಆವರಣ, ಇವುಗಳನ್ನು ಒಟ್ಟಾಗಿ ನೋಡಿದರೆ ಗಾಥಿಕ್ ಕಥನ ಹೇಳಹೊರಟ ಮೂಲಭೂತ ಮಾತನ್ನು ಕನ್ನಡವು ಐದು ಶತಮಾನಗಳಿಗೂ ಮುಂಚೆ, ಧರ್ಮಜಿಜ್ಞಾಸೆಯ ಆಳದೊಡನೆ ಹೇಳಿತ್ತೆಂಬುದು ಸ್ಪಷ್ಟವಾಗುತ್ತದೆ. ಹೊಸ ಕಾಲದ ಗದ್ಯಕ್ಕೆ ಈ ರುಚಿಯನ್ನು ತಂದವರಲ್ಲಿ ಬಿ. ವೆಂಕಟಾಚಾರ್ಯರು ಪ್ರಮುಖರು, ಬಂಗಾಳದ ಸ್ಕಾಟ್ ಎಂದು ಕರೆಸಿಕೊಂಡ ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು ಅವರು 1885ರಲ್ಲಿ ಕನ್ನಡಿಸಿದಾಗ ಬಿರುಗಾಳಿಯ ರಾತ್ರಿ, ಒಂಟಿ ಸವಾರ, ನಿರ್ಜನ ದೇಗುಲ, ಮುತ್ತಿಗೆಗೊಳಗಾದ ಕೋಟೆ ಎಲ್ಲವೂ ಕನ್ನಡದ ಕಾದಂಬರಿ ಓದುಗರ ಸ್ವಂತ ಆಸ್ತಿಯಾದವು.

ದಂಡು ಮತ್ತು ಹಳೆಯ ಊರಾದ ಪೇಟೆ ಆಡಳಿತದಲ್ಲಿ ಒಂದಾದದ್ದು ಸ್ವಾತಂತ್ರ್ಯದ ಹೊತ್ತಿಗೆ. ಬ್ರಿಟಿಷ್ ರೆಸಿಡೆಂಟನ ಅಧೀನದಲ್ಲಿದ್ದ ದಂಡು, ಎಂದರೆ ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್, 1947ರಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳಿತು, 1949ರಲ್ಲಿ ಎರಡೂ ಪುರಸಭೆಗಳು ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಅದಕ್ಕೂ ಮೊದಲೇ 1940ರಲ್ಲಿ ಎಚ್‌ಎಎಲ್, ಬಳಿಕ 1948ರಲ್ಲಿ ಕೆ.ಆರ್. ಪುರದ ಬಳಿ ಐಟಿಐ ಕಾರ್ಖಾನೆಗಳು ಬಂದು, ಪೂರ್ವಭಾಗದಲ್ಲಿ ತಿಂಗಳ ಸಂಬಳ, ಪಾಳಿಯ ಕೆಲಸ ಮತ್ತು ಅಕ್ಷರಜ್ಞಾನವಿದ್ದ ಹೊಸ ಕನ್ನಡ ಓದುಗ ವರ್ಗವನ್ನು ಬೆಳೆಸಿದವು. ಇವರ ಕೈಗೆ ಸಿಕ್ಕಿದ್ದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳಂಥ ಅಗ್ಗದ ಕಾದಂಬರಿಗಳು. ಗುಹೆ, ಮುಖವಾಡ, ನಡುರಾತ್ರಿಯ ಚೀತ್ಕಾರಗಳನ್ನು ಗಾಥಿಕ್ ಕಥನದಿಂದಲೇ ಪತ್ತೇದಾರಿ ಪ್ರಕಾರ ಪಡೆದುಕೊಂಡಿತ್ತು. ಕನ್ನಡ ಚಳವಳಿಯ ಮುಂದಾಳಾಗಿ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ ಆಗಿದ್ದರು. ಕನ್ನಡದ ಸದ್ದು ಕಡಿಮೆಯಿದ್ದ ಬೀದಿಗಳಿಗೆ ಕನ್ನಡದ ಅಕ್ಷರವನ್ನು ಮುಟ್ಟಿಸಿದವುಗಳಲ್ಲಿ ಇಂಥ ಪುಸ್ತಕಗಳ ಪಾಲು ದೊಡ್ಡದು. ದಂಡಿನ ನಡುಬೀದಿಯಾದ ಎಂ.ಜಿ. ರಸ್ತೆಯಿಂದಲೇ 1965ರಲ್ಲಿ ‘ಸುಧಾ’, 1968ರಲ್ಲಿ ‘ಮಯೂರ’ ಪತ್ರಿಕೆಗಳು ಹೊರಟಿದ್ದು ಈ ಬದಲಾವಣೆಯ ಮುಂದಿನ ಹಂತ.

ಮಕ್ಕಳ ಪಾಲಿಗೆ 1949ರಿಂದ ಕನ್ನಡದಲ್ಲೂ ಬಂದ ‘ಚಂದಮಾಮ’ವಿತ್ತು. ಅದರ ಬೇತಾಳ ಕತೆಗಳಿಗೆ ಚಿತ್ರಕಾರ ಶಂಕರ್ ಬರೆದ ಚಿತ್ರವನ್ನು ಹತ್ತಿರದಿಂದ ನೋಡಿದರೆ, ಒಂದು ಕೈಯಲ್ಲಿ ಖಡ್ಗ ಹಿಡಿದು, ಹೆಗಲ ಮೇಲೆ ಹೆಣವನ್ನು ಹೊತ್ತು ಸ್ಮಶಾನದಲ್ಲಿ ಹೆಜ್ಜೆಯಿಡುವ ವಿಕ್ರಮನ ಮುಖದಲ್ಲಿ ಅಂಜಿಕೆಯ ಸುಳಿವೇ ಕಾಣುವುದಿಲ್ಲ. ಭಯವೆಲ್ಲ ಸುತ್ತಲಿನ ಕತ್ತಲಿನಲ್ಲಿ ಹರಡಿದೆ. ಭಯದ ನಡುವೆ ಧರ್ಮಸೂಕ್ಷ್ಮದ ಪ್ರಶ್ನೆಗೆ ಉತ್ತರಿಸಬೇಕಾದ ರಾಜನ ಈ ನಿಲುವು ಭಾರತೀಯ ಅದ್ಭುತ ಕಥನದ ವೈಶಿಷ್ಟ್ಯ.

ದುಡ್ಡು ಕೊಟ್ಟು ಕೊಳ್ಳಲಾಗದವರಿಗೆ ಆಸರೆಯಾದದ್ದು ಸರ್ಕ್ಯುಲೇಟಿಂಗ್ ಲೈಬ್ರರಿ, ಎಂದರೆ ಸಣ್ಣ ಠೇವಣಿ ಇರಿಸಿಕೊಂಡು ದಿನದ ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಅಂಗಡಿ. ಕಂದು ಕಾಗದದ ಹೊದಿಕೆ, ದಪ್ಪ ದಾರದಿಂದ ಮತ್ತೆ ಹೊಲಿದ ಬೆನ್ನು, ಮೊದಲ ಪುಟಕ್ಕೆ ಅಂಟಿಸಿದ ಚೀಟಿಯ ಮೇಲೆ ಒಂದರ ಕೆಳಗೊಂದು ಒತ್ತಿದ ತಾರೀಕುಗಳು, ಪುಟದಂಚಿನಲ್ಲಿ ಹಿಂದಿನ ಓದುಗರು ಬರೆದ ಎಚ್ಚರಿಕೆಯ ಮಾತುಗಳು: ಇವು ಆ ಪುಸ್ತಕಗಳ ಸಾಮಾನ್ಯ ಲಕ್ಷಣಗಳು. ಇನ್‌ಫೆಂಟ್ರಿ ರಸ್ತೆಯ ಈಲೂರ್ ಲೈಬ್ರರಿ ಇಂಗ್ಲಿಷ್ ಓದುಗರಿಗೆ ಇದೇ ಸೇವೆಯನ್ನು ದೊಡ್ಡ ಪ್ರಮಾಣದಲ್ಲಿ ಒದಗಿಸಿತು. ಕನ್ನಡದ ಕಪಾಟಿನಲ್ಲಿ ಟಿ. ಕೆ. ರಾಮರಾಯರ ರೋಚಕ ಕಾದಂಬರಿಗಳ ಪಕ್ಕಕ್ಕೆ ತೆಲುಗಿನ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಬಂದು ಸೇರಿತು. ಮುಗ್ಧ ಬಾಲಕಿಯೊಬ್ಬಳ ಮೇಲೆ ನಡೆಯುವ ವಾಮಾಚಾರವನ್ನು ವೈದ್ಯವಿಜ್ಞಾನ ಮತ್ತು ಮಂತ್ರಶಕ್ತಿಗಳ ಎಳೆದಾಟವಾಗಿ ಚಿತ್ರಿಸಿದ ಈ ಕತೆ 1985ರಲ್ಲಿ ಕನ್ನಡ ಚಲನಚಿತ್ರವೂ ಆಯಿತು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದು ರಾತ್ರಿ ಕದ ತಟ್ಟುವ ದೆವ್ವವನ್ನು ಹಿಂದಕ್ಕೆ ಕಳಿಸುವ ವದಂತಿ ಹಬ್ಬಿದಾಗ, ಭಯಕ್ಕೆ ಕನ್ನಡದ ಬರಹವೇ ರಕ್ಷೆಯಾದದ್ದು ಗಮನಿಸತಕ್ಕ ವಿಷಯ.

ದಂಡಿನ ಇಂಗ್ಲಿಷ್ ಮತ್ತು ನಾಡಿನ ಕನ್ನಡಗಳು ಅತ್ಯಂತ ಫಲವತ್ತಾಗಿ ಕೂಡಿದ್ದು ಕೆನೆತ್ ಆಂಡರ್ಸನ್ನರ ಬರವಣಿಗೆಯಲ್ಲಿ. ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಎಚ್‌ಎಎಲ್‌ನಲ್ಲಿ ದುಡಿದು, 1974ರಲ್ಲಿ ತೀರಿಕೊಂಡ ಅವರ ಬೇಟೆಯ ಕತೆಗಳಲ್ಲಿ ನರಭಕ್ಷಕ ಪ್ರಾಣಿಗಳ ಜೊತೆಗೆ ಹಳ್ಳಿಗರ ದೆವ್ವ, ಶಾಪ, ಮಂತ್ರಗಳ ನಂಬಿಕೆಗಳೂ ಜೀವಂತವಾಗಿವೆ. ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಸರಣಿಯಲ್ಲಿ ಇವುಗಳನ್ನು ಮರುನಿರೂಪಿಸಿದಾಗ, ಕಾಡಿನ ಜನರ ಬಾಯಿಂದ ಆಂಡರ್ಸನ್ ಕೇಳಿ ಇಂಗ್ಲಿಷಿಗೆ ಒಯ್ದಿದ್ದ ಭಯ ಮತ್ತು ಬೆರಗು ಮತ್ತೆ ಆ ಜನರ ನಾಡಿನ ಭಾಷೆಗೇ ಬಂದವು. ಇಂದಿನ ಎಳೆಯ ಕನ್ನಡ ಓದುಗರಲ್ಲಿ ಅನೇಕರು ಓದಿನ ಗೀಳು ಹಚ್ಚಿಕೊಳ್ಳುವುದೇ ಈ ಪುಸ್ತಕಗಳಿಂದ.

ಕೆ. ಬಿ. ಕೆ. ರಾಯರು 1945ರಲ್ಲಿ ಆರಂಭಿಸಿದ ಸೆಲೆಕ್ಟ್ ಬುಕ್ ಶಾಪ್, 1971ರಿಂದ 2009ರವರೆಗೆ ಟಿ. ಎಸ್. ಶಾನಭಾಗರು ನಡೆಸಿದ ಪ್ರೀಮಿಯರ್, ಈಚಿನ ಚರ್ಚ್ ಸ್ಟ್ರೀಟಿನ ಬ್ಲಾಸಮ್ ಮತ್ತು ಬುಕ್‌ವರ್ಮ್, ಹೀಗೆ ದಂಡಿನ ಪುಸ್ತಕ ವ್ಯಾಪಾರದ ಸರಣಿ ಮುರಿಯದೆ ಸಾಗಿದೆ, ಇಂದಿರಾನಗರದಿಂದ ಕೆ.ಆರ್. ಪುರದವರೆಗಿನ ಹೊಸ ತಲೆಮಾರಿನ ಫ್ಯಾಂಟಸಿ ಓದುಗರಿಗೆ ಅವು ಈಗಲೂ ತವರಾಗಿವೆ. ಇಂಗ್ಲಿಷಿನ ಅಗ್ಗದ ಗಾಥಿಕ್ ಕಂತುಗಳನ್ನು ಇಂಗ್ಲೆಂಡಿನ ಗ್ರಂಥಾಲಯಗಳು ಈಗ ಅಮೂಲ್ಯ ದಾಖಲೆಗಳಾಗಿ ಕಾಪಾಡುತ್ತಿರುವಾಗ, ಕನ್ನಡದ ಪತ್ತೇದಾರಿ ಮತ್ತು ಮಾಯಾಕಥೆಗಳು ಕಳಪೆ ಕಾಗದದಲ್ಲಿ ಪುಡಿಯಾಗುತ್ತಿವೆ. ಜನ್ನನನ್ನು ಪಠ್ಯದಲ್ಲಿಟ್ಟು ನರಸಿಂಹಯ್ಯನವರನ್ನು ಗುಜರಿಗೆ ಬಿಡುವ ನಾಡು ತನ್ನ ಓದಿನ ಅರ್ಧ ಚರಿತ್ರೆಯನ್ನಷ್ಟೇ ಬಲ್ಲದು. ವಿಶ್ವವಿದ್ಯಾಲಯಗಳು ಮತ್ತು ಸಾರ್ವಜನಿಕ ಗ್ರಂಥಾಲಯಗಳು ಈ ಪುಸ್ತಕಗಳನ್ನು ಹುಡುಕಿ, ಸೂಚಿ ಮಾಡಿ, ಉಳಿಸಿಕೊಳ್ಳುವ ಕೆಲಸಕ್ಕೆ ಈಗಲೇ ಕೈಹಾಕಬೇಕು. ಕನ್ನಡಿಗರು ಯಾವುದಕ್ಕೆ ಅಂಜಿದರು, ಯಾವುದಕ್ಕೆ ಬೆರಗಾದರು ಎಂಬುದನ್ನು ಮುಂದಿನವರು ಅರಿಯಲು ಇವುಗಳಿಗಿಂತ ನೇರವಾದ ಸಾಕ್ಷ್ಯ ಬೇರೆಯಿಲ್ಲ.